ರೋಜೆಯ ಥೆಸಾರಸ್: ‘ಕ್ಲಾಸಿಕಲ್’ ಪದದ ನೆಂಟರನ್ನು ಹುಡುಕುವವರಿಗೆ ಎಷ್ಟು ನೆರವು?

‘ಕ್ಲಾಸಿಕಲ್’ ಎಂಬುದಕ್ಕೆ ಬದಲಿ ಪದ ಹುಡುಕುತ್ತಾ ಇಂಗ್ಲಿಷಿನ ಸಮಾನಾರ್ಥಕ ಪದಗಳ ಕೋಶವಾದ ರೋಜೆಯ ಥೆಸಾರಸ್‌ನ 1911ರ ಆವೃತ್ತಿ ತೆರೆದರೆ 578ನೇ ಶೀರ್ಷಿಕೆ ಸಿಗುತ್ತದೆ: ಎಲಿಗನ್ಸ್, ಸ್ಥೂಲವಾಗಿ ಸೊಗಸು. ಗುಣವಾಚಕಗಳ ಸಾಲಿನಲ್ಲಿ ಪಾಲಿಶ್ಡ್, ಕ್ಲಾಸಿಕಲ್, ಆಟಿಕ್, ಕರೆಕ್ಟ್, ಸಿಸರೋನಿಯನ್, ಚೇಸ್ಟ್, ಪ್ಯೂರ್, ಸ್ಯಾಕ್ಸನ್ ಎಲ್ಲವೂ ಒಟ್ಟಿಗೆ ಕೂತಿವೆ. ಈ ಪುಸ್ತಕದ ಬಲವೂ ದೋಷವೂ ಈ ಒಂದೇ ಸಾಲಿನಲ್ಲಿ ಕಾಣುತ್ತವೆ.

ಮೊದಲು ಬಲ. ವೈದ್ಯರಾಗಿದ್ದ ಪೀಟರ್ ಮಾರ್ಕ್ ರೋಜೆ 1805ರಲ್ಲಿ ಸ್ವಂತ ಬಳಕೆಗೆಂದು ಆರಂಭಿಸಿದ ಪಟ್ಟಿ 1852ರಲ್ಲಿ ಅಚ್ಚಾಯಿತು. ಇಲ್ಲಿ ಪದಗಳು ಅಕಾರಾದಿಯಲ್ಲಿಲ್ಲ, ಅರ್ಥದ ನಂಟಿನಂತೆ 1,000 ಶೀರ್ಷಿಕೆಗಳಡಿ ಜೋಡಣೆಯಾಗಿವೆ. ಹಾಗಾಗಿ ಒಂದು ಪದ ಹುಡುಕಲು ಹೋದವರ ಕಣ್ಣಿಗೆ ಅದರ ಅಕ್ಕಪಕ್ಕದ ಇಡೀ ಕೇರಿಯೇ ಬೀಳುತ್ತದೆ. 576 ಸರಳತೆ, 577 ಅಲಂಕಾರ, 578 ಎಲಿಗನ್ಸ್, 579 ಅದರ ವಿರುದ್ಧ. ಈ ನಾಲ್ಕನ್ನೂ ಒಟ್ಟಿಗೆ ಓದಿದರೆ ತಿಳಿಯುವುದಿಷ್ಟು: ಎಲಿಗನ್ಸ್ ಬರೀ ಸರಳತೆಯಲ್ಲ, ಅಲಂಕಾರವೂ ಅಲ್ಲ, ಎರಡನ್ನೂ ಬಲ್ಲವರು ಮಾಡುವ ಆಯ್ಕೆ. ಪದದ ಬೇರೂ ಅದನ್ನೇ ಹೇಳುತ್ತದೆ. ಲ್ಯಾಟಿನ್‌ನಲ್ಲಿ ‘ಎಲಿಗೆರೆ’ ಎಂದರೆ ಆರಿಸು. ಆದರೂ ಹಳೆಯ ರೋಮ್‌ನ ರಾಜಕಾರಣಿ ಕೇಟೋನ ಕಾಲದಲ್ಲಿ ಲ್ಯಾಟಿನ್‌ನ ‘ಎಲೆಗಾನ್ಸ್’ ಎಂದರೆ ಬೈಗುಳವೇ ಆಗಿತ್ತು, ಉಡುಗೆತೊಡುಗೆಯಲ್ಲಿ ಅತಿ ಶೋಕಿ ಮಾಡುವವನನ್ನು ಹಾಗೆ ಕರೆಯುತ್ತಿದ್ದರು ಎಂದು ಕ್ರಿ.ಶ. 2ನೇ ಶತಮಾನದ ರೋಮನ್ ಲೇಖಕ ಔಲುಸ್ ಗೆಲ್ಲಿಯಸ್ ದಾಖಲಿಸಿದ್ದಾನೆ. ‘ಕ್ಲಾಸಿಕ್’ ಲೇಖಕ ಎಂಬ ಬಳಕೆ ಸಿಗುವುದೂ ಅವನಲ್ಲೇ. ರೋಮ್‌ನಲ್ಲಿ ಆಸ್ತಿವಂತರ ಮೊದಲ ವರ್ಗಕ್ಕೆ ಸೇರಿದವನು ‘ಕ್ಲಾಸಿಕಸ್’. ಆ ತೆರಿಗೆ ಲೆಕ್ಕದ ಪದವನ್ನು ಅವನು ಮೇಲ್ಮಟ್ಟದ ಬರಹಗಾರನಿಗೆ ಹೊಂದಿಸಿದ. ‘ಕ್ಲಾಸಿಕಲ್’ಗೆ ನಾವು ಬಳಸುವ ‘ಅಭಿಜಾತ’ ಪದದೊಳಗೂ ಕುಲೀನತೆಯ ಅರ್ಥವೇ ಕೂತಿರುವುದು ಗಮನಿಸಬೇಕಾದ ಸಂಗತಿ.

ಇನ್ನು ದೋಷ. ಆ ಸಾಲಿನಲ್ಲಿ ಆಟಿಕ್ ಮತ್ತು ಸಿಸರೋನಿಯನ್ ಎರಡೇ ಹೆಜ್ಜೆ ದೂರದಲ್ಲಿವೆ. ಆಟಿಕ್ ಎಂದರೆ ಅಥೆನ್ಸ್ ಭಾಷಣಕಾರರ ಬಿಗಿಯಾದ, ಒಂದು ಪದವೂ ಹೆಚ್ಚಿಲ್ಲದ ಶೈಲಿ. ಸಿಸರೋನಿಯನ್ ಎಂದರೆ ರೋಮನ್ ವಾಗ್ಮಿ ಸಿಸರೋನ ಶೈಲಿ, ಉಪವಾಕ್ಯಗಳು ಅಲೆಅಲೆಯಾಗಿ ಬಂದು ಕೊನೆಗೆ ಕ್ರಿಯಾಪದದಲ್ಲಿ ನೆಲೆಗೊಳ್ಳುವ ತುಂಬು ವಾಕ್ಯ. ರೋಮ್‌ನಲ್ಲಿ ಆಟಿಕ್ ಪಕ್ಷದವರು ಅತಿಯಾಯಿತೆಂದು ಜರೆದದ್ದು ಸಿಸರೋನನ್ನೇ. ಅದಕ್ಕೆ ಅವನು ಕ್ರಿ.ಪೂ. 46ರಲ್ಲಿ ಉತ್ತರವನ್ನೂ ಬರೆದ. ಎದುರಾಳಿಗಳನ್ನು ಥೆಸಾರಸ್ ಸಮಾನಾರ್ಥಕಗಳೆಂದು ಒಂದೇ ಚಾಪೆಯ ಮೇಲೆ ಕೂರಿಸಿದೆ. ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಇದು ತಿಳಿಯಾದ ವೈದರ್ಭಿ ಶೈಲಿಯನ್ನೂ ಆಡಂಬರದ ಗೌಡಿ ಶೈಲಿಯನ್ನೂ ಒಂದೇ ಎಂದಷ್ಟು ವಿಚಿತ್ರ. ‘ಸ್ಯಾಕ್ಸನ್’ ಸೇರಿರುವುದು ಇನ್ನೊಂದು ತೊಡಕು. ಅದು ಲ್ಯಾಟಿನ್ ಬೆರಕೆಯಿಲ್ಲದ ಅಚ್ಚ ಇಂಗ್ಲಿಷ್, ನಮ್ಮ ಅಚ್ಚಗನ್ನಡ ಇದ್ದ ಹಾಗೆ. ಎಚ್ಚರಿಕೆಯ ಒಂದು ಮಾತೂ ಇಲ್ಲದೆ ಅದನ್ನು ಸಿಸರೋನ ಜೊತೆಗಿಟ್ಟಿದ್ದಾರೆ.

ಕ್ಲಾಸಿಸಿಸಂ ವಿಷಯದಲ್ಲಿ ಈ ತಪ್ಪು ದುಬಾರಿಯಾಗುತ್ತದೆ. ಅದು ಒಂದು ನಿಲುವಿನ ಹೆಸರು: ಗ್ರೀಕ್ ಮತ್ತು ರೋಮನ್ ಮಾದರಿ, ಅಳತೆ, ಸಮತೋಲ, ಸಂಯಮ. ಕಟ್ಟಡದಲ್ಲಾದರೆ ಕಂಬಸಾಲು, ಅದರ ಮೇಲಿನ ತ್ರಿಕೋನ ಮುಖ, ಎಡಬಲ ಒಂದೇ ಅಳತೆ. 17ನೇ ಶತಮಾನದ ಫ್ರೆಂಚ್ ನಾಟಕದಲ್ಲಾದರೆ ಒಂದೇ ಕ್ರಿಯೆ, ಒಂದೇ ಸ್ಥಳ, ಒಂದು ದಿನದ ಅವಧಿ. ಇವನ್ನು ಬೆರಳಿಟ್ಟು ತೋರಿಸಬಹುದು. ಸೊಗಸು ಹಾಗಲ್ಲ, ಅದು ನೋಡುವವರ ತೀರ್ಪು. ಕ್ಲಾಸಿಸಿಸಂ ನಿಯಮಗಳನ್ನೆಲ್ಲ ಪಾಲಿಸಿದ ಕಟ್ಟಡ ಮರಗಟ್ಟಿದಂತಿರಬಹುದು. 18ನೇ ಶತಮಾನದ ಯುರೋಪಿನ ಅತಿ ಅಲಂಕಾರದ ಶೈಲಿಯಾದ ರೊಕೊಕೊದ ಕುಸುರಿ ಯಾವ ಸಂಯಮವೂ ಇಲ್ಲದೆ ಸೊಗಸಾಗಿರಬಹುದು. ಬೆರಳಿಟ್ಟು ತೋರಿಸಲಾಗದಿದ್ದರೆ ‘ಕ್ಲಾಸಿಸಿಸಂ’ ಎಂದು ಬರೆಯಬೇಡಿ. ಅಂದಹಾಗೆ ‘ಕ್ಲಾಸಿಸಂ’ ಬೇರೆಯದೇ ಪದ, ವರ್ಗ ತಾರತಮ್ಯ ಎಂದರ್ಥ. ಒಂದು ‘ಸಿ’ ಬಿಟ್ಟುಹೋದರೆ ಹೊಗಳಿಕೆ ಆರೋಪವಾಗುತ್ತದೆ.

ಬಳಸುವ ಕ್ರಮ ಹೀಗಿರಲಿ. ಪುಸ್ತಕದ ಕೊನೆಯಲ್ಲಿರುವ ಸೂಚಿಯಲ್ಲಿ ಪದ ಹುಡುಕಿ. ಒಂದಕ್ಕಿಂತ ಹೆಚ್ಚು ಸಂಖ್ಯೆಗಳಿದ್ದರೆ ಪಕ್ಕದ ಓರೆ ಅಕ್ಷರದ ಸುಳಿವು ನೋಡಿ, ಏಕೆಂದರೆ 578 ಇರುವುದು ಬರವಣಿಗೆಯ ಶೈಲಿಯ ಗುಂಪಿನಲ್ಲಿ. ವ್ಯಕ್ತಿಯ ಅಭಿರುಚಿ ಬೇಕಿದ್ದರೆ 850, ರೂಪದ ಚೆಲುವು ಬೇಕಿದ್ದರೆ 845. ಶೀರ್ಷಿಕೆಯಲ್ಲಿ ಅರ್ಧವಿರಾಮ ಬಂದಲ್ಲೆಲ್ಲ ಅರ್ಥ ಸ್ವಲ್ಪ ಹೊರಳುತ್ತದೆ. ಒಂದೇ ತುಣುಕಿನಿಂದ ಮೂರ್ನಾಲ್ಕು ಪದ ಆರಿಸಿ. ಆಮೇಲೆ ಪ್ರಯೋಗಗಳ ಉದಾಹರಣೆ ಕೊಡುವ ನಿಘಂಟಿನಲ್ಲಿ ಒಂದೊಂದನ್ನೂ ನೋಡಲೇಬೇಕು. ಈ ಹೆಜ್ಜೆ ಬಿಟ್ಟವರೇ ಆಟಿಕ್ ಮತ್ತು ಸಿಸರೋನಿಯನ್ ಎರಡನ್ನೂ ಒಂದೇ ಗದ್ಯಕ್ಕೆ ಅಂಟಿಸುವುದು.

ಕನ್ನಡಕ್ಕೆ ತರುವಾಗ 578ಕ್ಕೆ ‘ಸೊಗಸು’ ಎಂದು ಬರೆದು ಕೈತೊಳೆದುಕೊಳ್ಳುವವರು ಹೆಚ್ಚು. ಶೈಲಿಯ ಮಾತಾದರೆ ಸಂಸ್ಕೃತ ಕಾವ್ಯಮೀಮಾಂಸಕ ದಂಡಿ ಹೇಳುವ ಹತ್ತು ಕಾವ್ಯಗುಣಗಳಲ್ಲಿ ಬರುವ ಪ್ರಸಾದ (ತಿಳಿತನ), ಸಮತೆ (ಏಕರೂಪತೆ), ಅರ್ಥವ್ಯಕ್ತಿ (ಅರ್ಥದ ಸ್ಪಷ್ಟತೆ) ಇದಕ್ಕೆ ಹೆಚ್ಚು ಹತ್ತಿರ. ‘ಲಾಲಿತ್ಯ’ ಚಲನೆಗೆ ಒಪ್ಪುತ್ತದೆ, ಗ್ರೇಸ್‌ಗೆ ಅದೇ ಸರಿ. ‘ಪರಿಷ್ಕಾರ’ ತಿದ್ದಿತೀಡಿದ್ದಕ್ಕೆ, ‘ನಾಜೂಕು’ ಕೈಗೆಲಸಕ್ಕೆ. ‘ಠೀವಿ’ಯಲ್ಲಿ ನಿಲುವಿನ ಗತ್ತಿದೆ. ‘ಒನಪು’ ನಡಿಗೆಗೆ ಚೆಂದ, ಗದ್ಯಕ್ಕೆ ಬೇಡ. ‘ಶಾಸ್ತ್ರೀಯ’ ಸಂಗೀತಕ್ಕೂ ಭಾಷೆಯ ಸ್ಥಾನಮಾನಕ್ಕೂ ರೂಢಿಯಾಗಿದೆ, ಆದರೆ ಗ್ರೀಕ್ ಶಿಲ್ಪವನ್ನು ಶಾಸ್ತ್ರೀಯ ಎಂದರೆ ಶಾಸ್ತ್ರಗ್ರಂಥದ ವಾಸನೆ ಬರುತ್ತದೆ. ಅಲ್ಲಿ ‘ಅಭಿಜಾತ’ ವಾಸಿ.

ಭಾಷಾಂತರ ಮಾಡುವವರು, ಗಂಭೀರವಾಗಿ ಬರೆಯುವವರು ಖಂಡಿತ ಇಟ್ಟುಕೊಳ್ಳಬೇಕಾದ ಪುಸ್ತಕ ಇದು. ಒಂದೇ ಆಕರದಿಂದ ಕೆಲಸ ಮುಗಿಸುವ ಅವಸರದವರಿಗೆ ಕೊಡಿಸಬೇಡಿ. 1911ರ ಆವೃತ್ತಿಯ ಪಠ್ಯ ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ ಶೀರ್ಷಿಕೆಗಳ ಸಂಖ್ಯೆ ಬದಲಾಗಿರುವುದರಿಂದ ಅಲ್ಲಿ 578ರ ಬದಲು ‘ಎಲಿಗನ್ಸ್’ ಎಂದೇ ಸೂಚಿಯಲ್ಲಿ ನೋಡಿ.