22 ತಿಂಗಳು ಹೆಗಲೇರಿದ್ದ ಬೇಬಿ ಕ್ಯಾರಿಯರ್: ಬಳಸಿದವಳ ಮಾತು

ಎಡ ಹೆಗಲ ಪಟ್ಟಿಯ ಅಂಚಿನ ತುಂಬ ಈಗ ಹಲ್ಲಿನ ಗುರುತುಗಳಿವೆ. ಮಗಳು ಹಲ್ಲು ಬರುವ ಮೊದಲೇ ಅದನ್ನು ಚೀಪಲು ಶುರುಮಾಡಿದಳು. ಹಲ್ಲು ಬಂದ ಮೇಲೆ ಕಚ್ಚತೊಡಗಿದಳು. ಕಡುನೀಲಿಯಾಗಿದ್ದ ಬಟ್ಟೆ ಆ ಭಾಗದಲ್ಲಿ ಬೂದುಬಣ್ಣಕ್ಕೆ ತಿರುಗಿದೆ. ಏಳನೆಯ ವಾರದಲ್ಲಿ ನಾಲ್ಕೂವರೆ ಕಿಲೋ ಇದ್ದಾಗ ಮೊದಲ ಸಲ ಇದರಲ್ಲಿ ಕುಳಿತವಳು ಮೊನ್ನೆ ಎರಡು ವರ್ಷ ತುಂಬುವ ಹೊತ್ತಿಗೆ ಹನ್ನೊಂದು ಕಿಲೋ ದಾಟಿದ್ದಾಳೆ. ಇಷ್ಟು ದಿನ ಬಳಸಿದ ಮೇಲೆ ಬರೆದರೆ ಒಂದಿಷ್ಟು ಬೆಲೆ ಇರುತ್ತದೆ ಎಂದು ಕಾದಿದ್ದೆ. ಮೊದಲ ತಿಂಗಳೇ ಬರೆದಿದ್ದರೆ ಬರೀ ಬೈಗುಳವೇ ಆಗುತ್ತಿತ್ತು.

ಇದು ಸೊಂಟಕ್ಕೊಂದು ಅಗಲವಾದ ಬೆಲ್ಟ್, ಹೆಗಲಿಗೆ ಎರಡು ಮೆತ್ತನೆಯ ಪಟ್ಟಿ, ಬೆನ್ನಿನ ಹಿಂದೆ ಒಂದು ಸಣ್ಣ ಅಡ್ಡಪಟ್ಟಿ ಇರುವ ಬಕಲ್ ಮಾದರಿಯದು. ಮೂರೂವರೆಯಿಂದ ಹದಿನೈದು ಕಿಲೋವರೆಗೆ ಎಂದು ಚೀಟಿಯಲ್ಲಿದೆ. ನನಗೆ ಸಿಸೇರಿಯನ್ ಆಗಿದ್ದರಿಂದ ಹೊಟ್ಟೆಯ ಮೇಲೆ ಬಿಗಿಯಾದ ಬೆಲ್ಟ್ ಕಟ್ಟಿಕೊಳ್ಳಲು ಡಾಕ್ಟರ್ ಒಪ್ಪುವವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಜಗ್ಗುವ ಬಟ್ಟೆಯ ಉದ್ದನೆಯ ಸ್ಲಿಂಗ್ ಬಳಸಿದೆ. ಐದು ಮೀಟರ್ ಬಟ್ಟೆಯನ್ನು ನೆಲಕ್ಕೆ ತಾಗದಂತೆ ಸುತ್ತಿಕೊಳ್ಳುವುದು ಒಂದು ಕಸರತ್ತೇ ಸರಿ. ಸಡಿಲವಾಗಿ ಕಟ್ಟಿದರೆ ಅರ್ಧ ಗಂಟೆಯಲ್ಲಿ ಮಗು ಎದೆಯಿಂದ ಹೊಟ್ಟೆಗೆ ಇಳಿದಿರುತ್ತಿತ್ತು.

ಅದಕ್ಕೂ ಮೊದಲು ಒಬ್ಬ ಸ್ನೇಹಿತೆ ಕೊಟ್ಟಿದ್ದ ಚೀಲದಂಥ ಸ್ಲಿಂಗ್ ಒಂದನ್ನು ಹಾಕಿ ನೋಡಿದ್ದೆ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಅಡ್ಡಲಾಗಿ ಮಲಗಿಸುವುದು. ನೋಡಲು ಮುದ್ದಾಗಿತ್ತು. ಹತ್ತು ನಿಮಿಷದ ನಂತರ ಬಟ್ಟೆ ಸರಿಸಿ ನೋಡಿದರೆ ಮಗುವಿನ ಬೆನ್ನು ಬಿಲ್ಲಿನಂತೆ ಬಾಗಿ, ಗದ್ದ ಎದೆಗೆ ಒತ್ತಿಕೊಂಡಿತ್ತು. ಉಸಿರಾಟದಲ್ಲಿ ಸಣ್ಣಗೆ ಗೊರಗೊರ ಸದ್ದು. ಎದೆ ಧಸಕ್ಕೆಂದಿತು. ಅಂದೇ ತೆಗೆದು ಮೂಟೆ ಕಟ್ಟಿದೆ. ಆಮೇಲೆ ಓದಿ ತಿಳಿದದ್ದು ಇದು: ಎಳೆಗೂಸಿನ ಉಸಿರಿನ ನಾಳ ತೀರಾ ಕಿರಿದು, ಕುತ್ತಿಗೆಯಲ್ಲಿ ಬಲವಿಲ್ಲ, ಗದ್ದ ಎದೆಗೆ ಕುಸಿದರೆ ತಲೆಯನ್ನು ಮತ್ತೆ ಎತ್ತಲು ಅದಕ್ಕೆ ಆಗುವುದಿಲ್ಲ. ಅಳು ಕೂಡ ಬರುವುದಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರಲ್ಲಿ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಾಗ, ಹಿಂದಿನ 20 ವರ್ಷಗಳಲ್ಲಿ ಸ್ಲಿಂಗ್‌ನೊಂದಿಗೆ ತಳುಕುಹಾಕಿಕೊಂಡ ಕನಿಷ್ಠ 14 ಸಾವುಗಳನ್ನು ಗುರುತಿಸಿರುವುದಾಗಿ ಹೇಳಿತ್ತು. ಅವುಗಳಲ್ಲಿ 12 ನಾಲ್ಕು ತಿಂಗಳೊಳಗಿನ ಕೂಸುಗಳು. ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ, ನೆಗಡಿಯಾದ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಅಂಥ ಮಕ್ಕಳಿದ್ದರೆ ಯಾವ ವಿಮರ್ಶೆಯನ್ನೂ ನಂಬದೆ ಡಾಕ್ಟರನ್ನೇ ಕೇಳಿ.

ಬ್ರಿಟನ್ನಿನ ಸ್ಲಿಂಗ್ ತಯಾರಕರು, ಮಾರಾಟಗಾರರು ಸೇರಿ ರೂಪಿಸಿದ 'ಟಿಕ್ಸ್' ಎಂಬ ಐದು ಅಂಶಗಳ ಸೂತ್ರವೊಂದಿದೆ. ಮಗು ಮೈಗೆ ಬಿಗಿಯಾಗಿ ಅಂಟಿಕೊಂಡಿರಬೇಕು, ಮುಖ ಸದಾ ಕಣ್ಣಿಗೆ ಬೀಳಬೇಕು, ತಲೆ ಮುತ್ತಿಡುವಷ್ಟು ಹತ್ತಿರ ಇರಬೇಕು, ಗದ್ದ ಎದೆಗೆ ತಾಗಬಾರದು, ಬೆನ್ನಿಗೆ ಆಸರೆ ಇರಬೇಕು. ನಾನು ಇದನ್ನು ಇನ್ನೂ ಚಿಕ್ಕದು ಮಾಡಿಕೊಂಡೆ: ಮಗುವಿನ ಗದ್ದದ ಕೆಳಗೆ ನನ್ನ ಎರಡು ಬೆರಳು ಹಿಡಿಯುತ್ತವೆಯೇ? ಆರು ತಿಂಗಳಾಗುವವರೆಗೆ ಐದೈದು ನಿಮಿಷಕ್ಕೊಮ್ಮೆ ಬೆರಳು ತೂರಿಸಿ ನೋಡುವುದು ಚಟವೇ ಆಗಿಬಿಟ್ಟಿತ್ತು. ಕ್ಯಾರಿಯರ್ ಹಾಕಿರದಿದ್ದಾಗಲೂ ಬೆರಳು ತಾನಾಗಿ ಗದ್ದದ ಕೆಳಗೆ ಹೋಗುತ್ತಿತ್ತು.

ಈಗ ಬೈಗುಳದ ವಿಷಯಕ್ಕೆ ಬರುತ್ತೇನೆ. ಬಕಲ್ ಕ್ಯಾರಿಯರ್ ಬಂದ ಮೊದಲ ಐದು ವಾರ ನನಗೆ ಬೆನ್ನುನೋವೋ ಬೆನ್ನುನೋವು. ಹದಿನೈದು ನಿಮಿಷಕ್ಕೆ ಹೆಗಲು ಕಿತ್ತುಬರುತ್ತಿತ್ತು. ಹೆರಿಗೆಯಾದ ಮೈಯಲ್ಲವೇ ಎಂದುಕೊಂಡೆ, ಹಾಸಿಗೆ ಸರಿಯಿಲ್ಲ ಎಂದುಕೊಂಡೆ, ದಿಂಬು ಬದಲಿಸಿದೆ, ಕೊನೆಗೆ ಕ್ಯಾರಿಯರ್ ಹಿಂದಿರುಗಿಸಲು ಪೆಟ್ಟಿಗೆಯನ್ನೂ ಹುಡುಕಿಟ್ಟೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುವ ಗಾದೆ ನನಗಾಗಿಯೇ ಹುಟ್ಟಿರಬೇಕು. ಲಸಿಕೆಗೆ ಹೋದಾಗ ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ಪ್ಯಾಂಟಿನ ಬೆಲ್ಟ್ ಅಲ್ಲ ಅಕ್ಕಾ, ಇನ್ನೂ ಮೇಲೆ ಕಟ್ಟಿಕೊಳ್ಳಿ" ಎಂದಳು. ಮಗುವನ್ನು ಹೊರಗೆ ತೆಗೆಸಿ, ಬೆಲ್ಟನ್ನು ಹೊಕ್ಕುಳಿಂದ ನಾಲ್ಕು ಬೆರಳು ಮೇಲಕ್ಕೆ ತಂದು ತಾನೇ ಬಿಗಿದಳು. ಮತ್ತೆ ಮಗುವನ್ನು ಕೂರಿಸಿದಾಗ ಅವಳ ನೆತ್ತಿ ಸರಿಯಾಗಿ ನನ್ನ ತುಟಿಯ ಹತ್ತಿರಕ್ಕೆ ಬಂತು. ಅಷ್ಟು ದಿನ ಅವಳು ನನ್ನ ಹೊಟ್ಟೆಯ ಮೇಲೆ ಜೋತು ಬಿದ್ದಿದ್ದಳು. ಆ ಭಾರ ನನ್ನನ್ನು ಮುಂದಕ್ಕೆ ಎಳೆಯುತ್ತಿತ್ತು, ನಾನು ಬೆನ್ನನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತಿದ್ದೆ. ನೋವಿಗೆ ಇನ್ನೇನು ಬೇಕು?

ಕೂಸು ಚಿಕ್ಕದಿರುವಾಗ ಬೆಲ್ಟ್ ಮೇಲಿರಬೇಕು, ಅದು ಎತ್ತರವಾದಂತೆ ಬೆಲ್ಟ್ ಕೆಳಗೆ ಬರಬೇಕು. ವರ್ಷ ತುಂಬಿದ ಮೇಲೆ ನನ್ನ ಬೆಲ್ಟ್ ಸೊಂಟದ ಎಲುಬಿನ ಮೇಲೆ ಕೂರತೊಡಗಿತು. ಭಾರ ಹೆಗಲಿನಿಂದ ಸೊಂಟಕ್ಕೆ ಇಳಿದದ್ದು ಆಗಲೇ. ಇಷ್ಟು ಮುಖ್ಯವಾದ ಮಾತು ಕೈಪಿಡಿಯಲ್ಲಿ ಒಂದೇ ಒಂದು ಚಿಕ್ಕ ಚಿತ್ರವಾಗಿ, ಅದೂ ಬಾಣದ ಗುರುತಿಲ್ಲದೆ ಇದೆ. ತೊಳೆಯುವ ವಿಧಾನಕ್ಕೆ ಮಾತ್ರ ಎರಡು ಪುಟ.

ಬೆನ್ನಿನ ಹಿಂದಿನ ಅಡ್ಡಪಟ್ಟಿಯ ಬಕಲ್ ಹಾಕಲು ಮೊದಲು ಕೈ ತಿರುಚಿಕೊಂಡು ಒದ್ದಾಡುತ್ತಿದ್ದೆ. ಅದನ್ನು ಮೊದಲೇ ಹಾಕಿಟ್ಟು, ಮಗುವನ್ನು ಒಂದು ಕೈಯಲ್ಲಿ ಎದೆಗವಚಿಕೊಂಡೇ, ಅಂಗಿಯಂತೆ ತಲೆಯ ಮೇಲಿಂದ ಪಟ್ಟಿಗಳನ್ನು ಇಳಿಸಿಕೊಂಡರೆ ಕೆಲಸ ಸುಲಭ. ಅಡ್ಡಪಟ್ಟಿ ಕುತ್ತಿಗೆಗೆ ಹತ್ತಿರವಿದ್ದರೆ ಪಟ್ಟಿಗಳು ಕುತ್ತಿಗೆಯನ್ನು ಕೊರೆಯುತ್ತವೆ. ಹೆಗಲ ಮೂಳೆಗಳ ನಡುವೆ ಬಂದರೆ ಹಾಯೆನಿಸುತ್ತದೆ. ಬಕಲ್ 'ಟಕ್' ಎಂದ ಮೇಲೂ ಒಮ್ಮೆ ಎಳೆದು ನೋಡುತ್ತೇನೆ, ಏಕೆಂದರೆ ಒಂದು ಸಲ ನನ್ನ ಜಡೆಯ ಕೂದಲು ಅದರೊಳಗೆ ಸಿಕ್ಕಿ, ಅರ್ಧ ಮಾತ್ರ ಕೂತಿತ್ತು.

ಮಗುವಿನ ಕಾಲು ಹೇಗಿರಬೇಕೆಂಬ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಹೀಗೆ ಕಾಲು ಅಗಲಿಸಿ ಕೂರಿಸಿದರೆ ಕಾಲು ಸೊಟ್ಟಗಾಗುವುದಿಲ್ಲವೇನಮ್ಮಾ?" ಎಂದು ಅತ್ತೆಯವರು ದಿನವೂ ಕೇಳುತ್ತಿದ್ದರು. ವಾಸ್ತವ ತಿರುಗುಮುರುಗು. ಅಂತರರಾಷ್ಟ್ರೀಯ ಹಿಪ್ ಡಿಸ್ಪ್ಲೇಸಿಯಾ (ಸೊಂಟದ ಕೀಲು ಸರಿಯಾಗಿ ಬೆಳೆಯದ ತೊಂದರೆ) ಸಂಸ್ಥೆ ಹೇಳುವುದು, ತೊಡೆಗೆ ಮಂಡಿಯವರೆಗೂ ಆಸರೆ ಸಿಕ್ಕಿ, ಮಂಡಿ ಕುಂಡೆಗಿಂತ ಸ್ವಲ್ಪ ಮೇಲಿದ್ದರೆ ಸೊಂಟದ ಕೀಲಿಗೆ ಒಳ್ಳೆಯದು ಎಂದು. ಎದುರಿನಿಂದ ನೋಡಿದರೆ ಇಂಗ್ಲಿಷಿನ 'ಎಂ' ಅಕ್ಷರದಂತೆ ಕಾಣುತ್ತದೆ. ಕಾಲುಗಳು ನೇರವಾಗಿ ಕೆಳಗೆ ಜೋತುಬಿದ್ದರೆ ಎಳೆಯ ಕೀಲಿನ ಮೇಲೆ ಎಳೆತ ಬೀಳುತ್ತದೆ. ನಾವು ಕಂಕುಳಲ್ಲಿ ಎತ್ತಿಕೊಂಡಾಗ ಮಗು ಸೊಂಟದ ಎರಡೂ ಕಡೆ ಕಾಲು ಹಾಕುವುದು ಹೀಗೆಯೇ ಅಲ್ಲವೇ ಎಂದು ಅತ್ತೆಯವರ ಕಂಕುಳಿಗೇ ಅವಳನ್ನು ಕೊಟ್ಟು ತೋರಿಸಿದೆ. ಅವರು ಕಾಲನ್ನು ಬಗ್ಗಿ ನೋಡಿ, "ಹೌದಲ್ಲ" ಎಂದರು. ವಾದ ಮುಗಿಯಿತು.

ಈ ಕ್ಯಾರಿಯರ್‌ನಲ್ಲಿ ಕೂರುವ ಜಾಗದ ಅಗಲವನ್ನು ಮಗು ಬೆಳೆದಂತೆ ಹೆಚ್ಚಿಸಬಹುದು. ನನಗೆ ಇಷ್ಟವಾದ ಅನುಕೂಲವೂ ಇದೇ, ಇಡೀ ಕ್ಯಾರಿಯರ್‌ನ ದುರ್ಬಲ ಜಾಗವೂ ಇದೇ. ಅಗಲ ಹೊಂದಿಸಲು ಕೊಟ್ಟಿರುವುದು ಚಪ್ಪಲಿಗಳಲ್ಲಿರುವಂಥ ಅಂಟುಪಟ್ಟಿ. ಬಿಡಿಸಿದರೆ ಚರ್ರೆಂದು ಆಗುವ ಸದ್ದಿಗೆ ಪಕ್ಕದ ಕೋಣೆಯಲ್ಲಿ ಮಲಗಿದ್ದವರೂ ಏಳುತ್ತಾರೆ. ಹದಿನಾಲ್ಕನೆಯ ತಿಂಗಳಿಗೆ ಅದರೊಳಗೆ ನೂಲು, ಕೂದಲು ತುಂಬಿ ಹಿಡಿತ ಸಡಿಲವಾಯಿತು. ತಯಾರಕರಿಗೆ ಬರೆದೆ. ಎರಡು ವಾರ ಬಿಟ್ಟು ಬಂದ ಉತ್ತರ: ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಸಿಟ್ಟಿನಲ್ಲೇ ಉಜ್ಜಿದೆ. ಸರಿಹೋಯಿತು. ಅದು ಇನ್ನಷ್ಟು ಸಿಟ್ಟು ಬರಿಸಿತು.

ಸಂಜೆಯ ಅಳುವಿಗೆ ಇದು ಮದ್ದೇ ಎಂದು ಹಲವರು ಕೇಳಿದ್ದಾರೆ. 1986ರಲ್ಲಿ ಹಂಜಿಕರ್ ಮತ್ತು ಬಾರ್ ಎಂಬ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ಎತ್ತಿಕೊಂಡ ಆರು ವಾರದ ಶಿಶುಗಳು ಉಳಿದವುಗಳಿಗಿಂತ ಶೇ. 43ರಷ್ಟು ಕಡಿಮೆ ಅತ್ತಿದ್ದವು. ನಮ್ಮ ಮನೆಯಲ್ಲಿ ಅಳು ನಿಲ್ಲಲಿಲ್ಲ, ಮೊಟಕಾಯಿತು. ಕ್ಯಾರಿಯರ್‌ಗೆ ಹಾಕಿದರೆ ಸಾಲದು, ನಡೆಯಬೇಕು. ನಾನು ನಿಂತರೆ ಅವಳು ಶುರು. ಮಲಗಿದವಳನ್ನು ಹಾಸಿಗೆಗೆ ಇಳಿಸುವಾಗ ಎಚ್ಚರವಾಗುವುದು ದೊಡ್ಡ ಗೋಳಾಗಿತ್ತು. ಜಪಾನಿನ ಸಂಶೋಧಕರು 2022ರಲ್ಲಿ ಸೂಚಿಸಿದ ಕ್ರಮ ನಮಗೆ ನೆರವಾಯಿತು: ಐದು ನಿಮಿಷ ಎತ್ತಿಕೊಂಡು ನಡೆದು, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಸುಮ್ಮನೆ ಕುಳಿತು, ನಂತರ ಮಲಗಿಸುವುದು. ಹತ್ತರಲ್ಲಿ ಆರು ಸಲ ಗೆದ್ದಿದ್ದೇನೆ. ಸೋತ ಸಲಗಳಿಗೆ ಕಾರಣ ಬಹುತೇಕ ಆ ಬಕಲ್‌ನ 'ಟಕ್'. ಈಗ ಅಂಗೈಯಲ್ಲಿ ಮುಚ್ಚಿ ಒತ್ತಿ ಬಿಡಿಸುವುದನ್ನು ಕಲಿತಿದ್ದೇನೆ.

ಮುಖ ಹೊರಗೆ ಮಾಡಿ ಕೂರಿಸುವ ಸೌಲಭ್ಯವನ್ನು ಮೂರೇ ಸಲ ಬಳಸಿ ಕೈಬಿಟ್ಟೆ. ಜನ, ಬೆಳಕು, ಸದ್ದು ಹೆಚ್ಚಾದರೆ ಮುಖ ಮುಚ್ಚಿಕೊಳ್ಳಲು ಅವಳಿಗೆ ನನ್ನ ಎದೆಯೇ ಸಿಗುತ್ತಿರಲಿಲ್ಲ. ಬೆನ್ನಿನ ಮೇಲೆ ಹೊರುವುದು ಮಾತ್ರ ಎಂಟನೆಯ ತಿಂಗಳಿಂದ, ಅವಳು ಗಟ್ಟಿಯಾಗಿ ಕೂರತೊಡಗಿದ ಮೇಲೆ, ನಮ್ಮ ಯಜಮಾನರಿಗೆ ತುಂಬ ಹಿಡಿಸಿತು. ಮೊದಲ ವಾರ ಹಾಸಿಗೆಯ ಅಂಚಿನಲ್ಲಿ ಕುಳಿತು, ನಾನು ಹಿಂದೆ ನಿಂತು ಹಿಡಿದ ಮೇಲೆಯೇ ಅವರು ಏರಿಸಿಕೊಳ್ಳುತ್ತಿದ್ದರು. ನನಗಿಂತ ಒಂದು ಅಡಿ ಎತ್ತರದವರು. ಅವರು ಹಾಕಿದ ಮೇಲೆ ನನಗೆ, ನಾನು ಹಾಕಿದ ಮೇಲೆ ಅವರಿಗೆ ಎಲ್ಲ ಪಟ್ಟಿಯನ್ನೂ ಹೊಸದಾಗಿ ಹೊಂದಿಸಬೇಕು. ನನ್ನ ಅಳತೆಗೆ ಕೆಂಪು ದಾರ, ಅವರ ಅಳತೆಗೆ ಹಳದಿ ದಾರ ಹೊಲಿದಿಟ್ಟ ಮೇಲೆ ಜಗಳ ನಿಂತಿತು.

ಒಮ್ಮೆ ನೆಲಕ್ಕೆ ಬಿದ್ದ ಬೀಗದ ಕೈ ಎತ್ತಲು ಸೊಂಟದಿಂದ ಬಗ್ಗಿದೆ. ಆರು ತಿಂಗಳ ಮಗಳು ಪಕ್ಕದಿಂದ ಅರ್ಧ ಹೊರಗೆ ಜಾರಿಬಿಟ್ಟಳು. ಕೈ ಅಡ್ಡ ಬಂತು, ಬಚಾವಾದೆವು. ಅಂದಿನಿಂದ ಮಂಡಿ ಮಡಚಿ ಕುಳಿತೇ ಎತ್ತುತ್ತೇನೆ, ಒಂದು ಕೈ ಅವಳ ಬೆನ್ನಿನ ಮೇಲೆಯೇ. ಒಲೆಯ ಮುಂದೆ ಹೋಗುವುದಿಲ್ಲ, ಬಿಸಿಯಾದುದೇನನ್ನೂ ಕುಡಿಯುವುದಿಲ್ಲ. ಸೈಕಲ್ಲಂತೂ ಇಲ್ಲವೇ ಇಲ್ಲ. ಕಾರಿನ ಸೀಟಿಗೆ ಇದು ಬದಲಿಯಲ್ಲ. ಒಳಗಿಟ್ಟುಕೊಂಡೇ ಹಾಲೂಡಿಸಬಹುದು ಎಂದು ಜಾಹೀರಾತಿನಲ್ಲಿದೆ. ಕೂಸಿನ ಮೂಗು ಬಟ್ಟೆಗೋ ಎದೆಗೋ ಒತ್ತಿದರೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಹೊರಗೆ ತೆಗೆದು, ಊಡಿಸಿ, ಮತ್ತೆ ನೆಟ್ಟಗೆ ಕೂರಿಸುತ್ತಿದ್ದೆ.

ಸೆಕೆಯಲ್ಲಿ ಇಬ್ಬರೂ ಒದ್ದೆ. ಕ್ಯಾರಿಯರ್ ಎಂದರೆ ಮಗುವಿಗೆ ಒಂದು ಪದರ ಬಟ್ಟೆಯೇ ಎಂದು ಲೆಕ್ಕ ಹಾಕಿ ಒಳಗೆ ತೆಳುವಾದುದನ್ನು ಮಾತ್ರ ತೊಡಿಸಬೇಕು. ಪಾದ ಮುಚ್ಚುವ ಪ್ಯಾಂಟು ಬೇಡ, ಕುಳಿತಾಗ ಬಟ್ಟೆ ಮೇಲಕ್ಕೆ ಎಳೆದು ಕಾಲ್ಬೆರಳುಗಳು ಒತ್ತಿಕೊಳ್ಳುತ್ತವೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಕೈಪಿಡಿಗೆ. ಅಂಟುಪಟ್ಟಿಗೂ ಅರ್ಧ ಕಳೆಯಬೇಕೆಂದಿದ್ದೆ, ಬ್ರಷ್ ಅದನ್ನು ಉಳಿಸಿತು.

ತಂಗಿಗೆ ಮುಂದಿನ ತಿಂಗಳು ಹೆರಿಗೆ. ಇದನ್ನು ಒಗೆದು ಅವಳಿಗೆ ಕೊಡೋಣವೆಂದು ನಿನ್ನೆ ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಹೊಲಿಗೆಯನ್ನು ಹಿಗ್ಗಿಸಿ ನೋಡಿದೆ. ಮಗಳು ಕಚ್ಚುತ್ತಿದ್ದ ಎಡ ಪಟ್ಟಿ ಬೆಲ್ಟಿಗೆ ಸೇರುವ ಮೂಲೆಯಲ್ಲಿ ಮೂರು ಸಾಲಿನ ಹೊಲಿಗೆಯಲ್ಲಿ ಒಂದು ಸಾಲು ಬಿಚ್ಚಿದೆ. ಭಾರವೆಲ್ಲ ಬೀಳುವ ಜಾಗ ಅದು. ದರ್ಜಿಯ ಬಳಿ ಹೊಲಿಸೋಣವೇ ಎಂದು ಒಂದು ಕ್ಷಣ ಅನ್ನಿಸಿತು, ಆಮೇಲೆ ಮನಸ್ಸು ಒಪ್ಪಲಿಲ್ಲ. ಬಕಲ್‌ಗಳನ್ನು ಕತ್ತರಿಸಿ, ಬೇರೆ ಯಾರೂ ಎತ್ತಿ ಬಳಸದಂತೆ ಮಾಡಿ ಎಸೆದೆ. ತಂಗಿಗೆ ಹೊಸದನ್ನೇ ತರುತ್ತಿದ್ದೇನೆ, ಇದೇ ಮಾದರಿಯದು. ಬೆಲ್ಟ್ ಎಲ್ಲಿ ಕಟ್ಟಬೇಕೆಂದು ಹೇಳಲು ನಾನಿದ್ದೇನಲ್ಲ.