ಹೆಚ್ಚು ಜನ ಕೇಳದ ಹಾಡುಗಳ ಹಿನ್ನೆಲೆ: ‘ಚೆಕ್ ದ ಟೆಕ್ನಿಕ್’ ಪುಸ್ತಕ ವಿಮರ್ಶೆ

ಹೆಸರಾದ ಹಾಡಿನ ಬಗ್ಗೆ ಅದನ್ನು ಹಾಡಿದವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಹೇಳಿ ಹೇಳಿ ಸವೆದ ಉತ್ತರ. ಅದೇ ಆಲ್ಬಮ್ಮಿನ ಎಂಟನೆಯದೋ ಹತ್ತನೆಯದೋ ಹಾಡನ್ನು, ರೇಡಿಯೊದಲ್ಲಿ ಬಾರದ, ವಿಡಿಯೊ ಕೂಡ ಇಲ್ಲದ ಹಾಡನ್ನು ಮುಂದಿಟ್ಟು ಕೇಳಿದರೆ ಅವರು ನಿಜವಾಗಿ ನೆನಪು ಮಾಡಿಕೊಳ್ಳಬೇಕಾಗುತ್ತದೆ: ಧ್ವನಿಮುದ್ರಣವಾದದ್ದು ಯಾರ ಮನೆಯಲ್ಲಿ, ಯಂತ್ರ ಯಾರದು, ಡ್ರಮ್ಮಿನ ಆ ತುಣುಕು ಯಾವ ಹಳೆಯ ರೆಕಾರ್ಡಿನಿಂದ ಬಂತು, ಸಾಲುಗಳನ್ನು ಬರೆದುಕೊಟ್ಟವರು ಯಾರು. ಅಮೆರಿಕದ ಬರಹಗಾರ ಬ್ರಯಾನ್ ಕೋಲ್ಮನ್ ಅವರ ‘ಚೆಕ್ ದ ಟೆಕ್ನಿಕ್’ ಎಂಬ ಇಂಗ್ಲಿಷ್ ಪುಸ್ತಕದ ಬೆಲೆ ಇರುವುದು ಇಂಥ ಪ್ರಶ್ನೆಗಳಲ್ಲಿ. 2007ರಲ್ಲಿ ವಿಲಾರ್ಡ್ ಪ್ರಕಾಶನದಿಂದ ಬಂದ, ಐನೂರಕ್ಕೂ ಹೆಚ್ಚು ಪುಟಗಳ ಈ ಕೃತಿಯಲ್ಲಿ, ತಾಳದ ಮೇಲೆ ಪ್ರಾಸಬದ್ಧ ಮಾತನ್ನು ಹೇಳುವ ಹಿಪ್ ಹಾಪ್ ಸಂಗೀತದ 36 ಆಲ್ಬಮ್‌ಗಳಿವೆ. ಅವನ್ನು ಮಾಡಿದವರೇ ಒಂದೊಂದು ಹಾಡನ್ನೂ ಎತ್ತಿಕೊಂಡು ಮಾತಾಡಿದ್ದಾರೆ. ಇದಕ್ಕೂ ಮೊದಲು, 2005ರಲ್ಲಿ, ಕೋಲ್ಮನ್ ಇದೇ ಬಗೆಯ ಚಿಕ್ಕ ಪುಸ್ತಕವೊಂದನ್ನು ತಾವೇ ಪ್ರಕಟಿಸಿದ್ದರು; ಇದು ಅದರ ಬೆಳೆದ ರೂಪ. ಮುನ್ನುಡಿ ಬರೆದವರು ‘ದ ರೂಟ್ಸ್’ ತಂಡದ ಡ್ರಮ್ಮರ್ ಕ್ವೆಸ್ಟ್‌ಲವ್.

ಇಂಥ ಪುಸ್ತಕದ ಅಗತ್ಯ ಏಕೆ ಬಿತ್ತು ಎಂಬುದನ್ನು ಮೊದಲು ತಿಳಿಯಬೇಕು. ಜಾಝ್ ರೆಕಾರ್ಡುಗಳ ಹಿಂಬದಿಯಲ್ಲಿ ವಾದಕರ ಹೆಸರು, ಧ್ವನಿಮುದ್ರಣದ ದಿನ, ವಿಮರ್ಶಕರ ಪುಟ್ಟ ಟಿಪ್ಪಣಿ ಇರುತ್ತಿದ್ದವು. ಹಿಪ್ ಹಾಪ್ ಆಲ್ಬಮ್‌ಗಳ ಹೊದಿಕೆಯಲ್ಲಿ ಬಹುಮಟ್ಟಿಗೆ ಕಾಣುತ್ತಿದ್ದದ್ದು ಗೆಳೆಯರಿಗೂ ನೆರೆಹೊರೆಯವರಿಗೂ ಹೇಳಿದ ಕೃತಜ್ಞತೆಯ ಉದ್ದನೆಯ ಪಟ್ಟಿ ಮಾತ್ರ. ಶಿವಮೊಗ್ಗದಲ್ಲಿ ಭಾವಗೀತೆ ಕೇಳಿ ಬೆಳೆದ ನಮ್ಮಂಥವರಿಗೆ ಈ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ. ಶಿವಮೊಗ್ಗ ಸುಬ್ಬಣ್ಣನವರು ಹಾಡಿದ ಗೀತೆ ಇಲ್ಲಿನ ಯಾವುದಾದರೂ ಮನೆಯಲ್ಲಿ ಕೇಳಿಬಂದರೆ ಕವಿ ಯಾರು, ರಾಗಸಂಯೋಜನೆ ಯಾರದು ಎಂಬ ಮಾತು ತಾನಾಗಿ ಜೊತೆಗೆ ಬರುತ್ತದೆ. ಹತ್ತು ಹಳೆಯ ರೆಕಾರ್ಡುಗಳ ಚೂರುಗಳನ್ನು ಹೊಲಿದು ಹೊಸ ಹಾಡು ಕಟ್ಟುವ ಕಲೆಯಲ್ಲಿ ಇಂಥ ಮಾಹಿತಿ ಇನ್ನೂ ಹೆಚ್ಚು ಬೇಕಿತ್ತು, ಆದರೆ ಅಲ್ಲಿಯೇ ಅದು ಇರಲಿಲ್ಲ. ಕೋಲ್ಮನ್ ಆ ಖಾಲಿ ಜಾಗವನ್ನು ತುಂಬಲು ಹೊರಟವರು.

ಪ್ರತಿ ಅಧ್ಯಾಯವೂ ತಂಡದ ಹುಟ್ಟು, ಊರು, ಆಲ್ಬಮ್ ಸಿದ್ಧವಾದ ಸಂದರ್ಭಗಳನ್ನು ಹೇಳುವ ಲೇಖನದಿಂದ ತೊಡಗುತ್ತದೆ. ಅದರ ಬಳಿಕ ಹಾಡಿನ ಹೆಸರು, ಕೆಳಗೆ ಕಲಾವಿದರ ಮಾತು, ಮತ್ತೆ ಮುಂದಿನ ಹಾಡು. ಸಾಗರ, ಹೊಸನಗರದ ಕಡೆಯವರಿಗೆ ಈ ವಿನ್ಯಾಸ ಅಪರಿಚಿತವೆನಿಸದು, ಏಕೆಂದರೆ ತಾಳಮದ್ದಲೆಯಲ್ಲಿ ಭಾಗವತರು ಪದ್ಯ ಹಾಡಿ ಮುಗಿಸಿದ ಮೇಲೆ ಅರ್ಥಧಾರಿ ಅದನ್ನು ಎತ್ತಿಕೊಂಡು ಮಾತಿನಲ್ಲಿ ಬಿಡಿಸುವುದನ್ನು ಅವರು ರಾತ್ರಿಯಿಡೀ ಕುಳಿತು ಕೇಳಿದ್ದಾರೆ. ಲೇಖಕರು ತಮ್ಮ ಪ್ರಶ್ನೆಗಳನ್ನು ಪುಟದಿಂದ ತೆಗೆದುಹಾಕಿದ್ದರಿಂದ ಮಾತಾಡುವವರ ದನಿ ನೇರವಾಗಿ ಓದುಗರನ್ನು ತಲುಪುತ್ತದೆ. ಸಂದರ್ಶಕರ ಪಾಂಡಿತ್ಯ ನಡುವೆ ಬಂದು ನಿಲ್ಲದ ಸಂಗೀತದ ಪುಸ್ತಕಗಳು ಕಡಿಮೆ. ಆ ಸಂಯಮಕ್ಕಾಗಿಯೇ ನಾನು ಕೋಲ್ಮನ್ ಅವರನ್ನು ಮೆಚ್ಚುತ್ತೇನೆ.

ಡಿಜೆ ಎರಿಕ್ ಬಿ ಮತ್ತು ರ‍್ಯಾಪರ್ ರಾಕಿಮ್ ಜೋಡಿಯ 1987ರ ಆಲ್ಬಮ್ ‘ಪೇಯ್ಡ್ ಇನ್ ಫುಲ್’ ಕುರಿತ ಅಧ್ಯಾಯವನ್ನು ಮೊದಲು ಓದಬಹುದು. ಈ ಜೋಡಿಯ ಮೊದಲ ಸಿಂಗಲ್ 1986ರಲ್ಲಿ ಬಂತು. ಅದರ ಒಂದು ಬದಿಯ ‘ಎರಿಕ್ ಬಿ ಈಸ್ ಪ್ರೆಸಿಡೆಂಟ್’ ಹೆಸರಾಯಿತು, ಇನ್ನೊಂದು ಬದಿಯ ‘ಮೈ ಮೆಲೊಡಿ’ ಅಷ್ಟಾಗಿ ಹೊರಗಿನವರನ್ನು ತಲುಪಲಿಲ್ಲ. ಎರಡೂ ಮುದ್ರಣವಾದದ್ದು ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದಲ್ಲಿ, ನಿರ್ಮಾಪಕ ಮಾರ್ಲಿ ಮಾರ್ಲ್ ಮನೆಯೊಳಗೇ ಮಾಡಿಕೊಂಡಿದ್ದ ಸ್ಟುಡಿಯೊದಲ್ಲಿ. ಹದಿನೆಂಟರ ಹುಡುಗ ರಾಕಿಮ್ ಸೋಫಾದ ಮೇಲೆ ಕುಳಿತೇ, ದನಿ ಏರಿಸದೆ, ಓದುವ ಹಾಗೆ ಹಾಡಿದರು. ರ‍್ಯಾಪ್ ಎಂದರೆ ಕೂಗಿ ಹೇಳುವುದು ಎಂದಿದ್ದ ಕಾಲವದು. ಮಾರ್ಲಿ ಮಾರ್ಲ್ ಮತ್ತು ಅಲ್ಲಿದ್ದ ರ‍್ಯಾಪರ್ ಎಂಸಿ ಶಾನ್ ಇಬ್ಬರೂ ಇನ್ನಷ್ಟು ಹುರುಪು ಬೇಕೆಂದು ಒತ್ತಾಯಿಸಿದರು. ಹುಡುಗ ಬಗ್ಗಲಿಲ್ಲ. ಸ್ಯಾಕ್ಸೊಫೋನ್ ನುಡಿಸುತ್ತಿದ್ದ, ಜಾಝ್ ವಾದಕ ಜಾನ್ ಕೋಲ್ಟ್ರೇನ್ ಅವರನ್ನು ಆಲಿಸಿ ಬೆಳೆದ ಅವರು ಸಾಲಿನ ಕೊನೆಗೆ ಮಾತ್ರ ಪ್ರಾಸ ಕೂರಿಸುವುದನ್ನು ಬಿಟ್ಟು ಸಾಲಿನ ನಡುವೆ, ತಾಳದ ಸಂದಿಗಳಲ್ಲಿ ಪ್ರಾಸವನ್ನು ಹೊಂದಿಸತೊಡಗಿದ್ದರು. ಈ ಹಿನ್ನೆಲೆಯೊಂದಿಗೆ ‘ಮೈ ಮೆಲೊಡಿ’ ಕೇಳಿದರೆ ಆ ನಿಧಾನ ಗತಿಯ ಹಿಂದೆ ಎಷ್ಟು ಗಟ್ಟಿ ನಿಲುವು ಇತ್ತೆಂಬುದು ಗೊತ್ತಾಗುತ್ತದೆ. ಅದೇ ಆಲ್ಬಮ್ಮಿನ ಹತ್ತು ಹಾಡುಗಳಲ್ಲಿ ಮೂರರಲ್ಲಿ ಮಾತೇ ಇಲ್ಲ, ಬರೀ ಡಿಜೆಯ ಕೈಚಳಕ. ನಾನು ಯಾವಾಗಲೂ ದಾಟಿ ಮುಂದೆ ಹೋಗುತ್ತಿದ್ದ ಆ ಮೂರನ್ನು ಈಗ ಬೇಕೆಂದೇ ಕೇಳುತ್ತೇನೆ.

‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ 1991ರ ‘ದ ಲೋ ಎಂಡ್ ಥಿಯರಿ’ಯ ಅಧ್ಯಾಯವೂ ಇಷ್ಟೇ ತೂಕದ್ದು. ಅದರಲ್ಲಿರುವ ‘ವರ್ಸಸ್ ಫ್ರಮ್ ದ ಆಬ್‌ಸ್ಟ್ರಾಕ್ಟ್’ ಎಂಬ ಹಾಡು ತಂಡದ ಜನಪ್ರಿಯ ಸಂಕಲನಗಳಲ್ಲಿ ಕಾಣುವುದು ಅಪರೂಪ. ಅದರಲ್ಲಿ ಡಬಲ್ ಬಾಸ್ ಎಂಬ, ತಗ್ಗಿನ ಸ್ವರದ ದೊಡ್ಡ ತಂತಿವಾದ್ಯ ನುಡಿಸಿದವರು ಜಾಝ್ ವಾದಕ ಮೈಲ್ಸ್ ಡೇವಿಸ್ ಅವರ 1960ರ ದಶಕದ ಪ್ರಸಿದ್ಧ ಪಂಚಕದಲ್ಲಿದ್ದ ರಾನ್ ಕಾರ್ಟರ್. ಬೈಗುಳದ ಮಾತು ಇರಬಾರದೆಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಹಳೆಯ ರೆಕಾರ್ಡುಗಳಿಂದ ಜಾಝ್ ಬಾಸಿನ ಚೂರುಗಳನ್ನು ಎತ್ತಿ ಬಳಸುತ್ತಿದ್ದ ಇಪ್ಪತ್ತರ ಆಸುಪಾಸಿನ ಹುಡುಗರು, ಆ ಪರಂಪರೆಯ ಹಿರಿಯರೊಬ್ಬರನ್ನೇ ಸ್ಟುಡಿಯೊಗೆ ಕರೆಸಿಕೊಂಡ ಪ್ರಸಂಗವಿದು. ಇಡೀ ಆಲ್ಬಮ್ಮಿನ ತಳದಲ್ಲಿ ಬಾಸ್ ಏಕೆ ಅಷ್ಟು ಮುಂದೆ ನಿಂತಿದೆ ಎಂಬುದಕ್ಕೆ ಕೀಲಿ ಇರುವುದು ಈ ಹಾಡಿನಲ್ಲಿ, ದೊಡ್ಡ ಹಿಟ್‌ಗಳಲ್ಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಯಂತ್ರಗಳ ಬಗ್ಗೆ ಆಸಕ್ತಿ ಇರುವವರಿಗೆ ಪೀಟ್ ರಾಕ್ ಮತ್ತು ಸಿಎಲ್ ಸ್ಮೂತ್ ಅವರ 1992ರ ‘ಮೆಕ್ಕಾ ಅಂಡ್ ದ ಸೋಲ್ ಬ್ರದರ್’ ಅಧ್ಯಾಯವನ್ನು ಸೂಚಿಸುತ್ತೇನೆ. ಅಗಲಿದ ಗೆಳೆಯ ಟ್ರಾಯ್ ಡಿಕ್ಸನ್ ನೆನಪಿಗೆ ಮೀಸಲಾದ, ಟಾಮ್ ಸ್ಕಾಟ್ ಅವರ ಸ್ಯಾಕ್ಸೊಫೋನಿನ ಎಳೆ ಇರುವ ಹಾಡು ಈ ಆಲ್ಬಮ್ಮಿನಿಂದ ಎಲ್ಲೆಡೆ ಹೋಯಿತು. ಉಳಿದವು ಅದರ ನೆರಳಿನಲ್ಲಿ ಉಳಿದವು. ಪೀಟ್ ರಾಕ್ ಆ ವರ್ಷಗಳಲ್ಲಿ ಬಳಸುತ್ತಿದ್ದದ್ದು ಇ-ಮು ಕಂಪನಿ 1987ರಲ್ಲಿ ತಂದ ಎಸ್‌ಪಿ-1200 ಎಂಬ, ರೆಕಾರ್ಡುಗಳ ತುಣುಕುಗಳನ್ನು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರ. ಅದರ ಒಟ್ಟು ಧಾರಣಶಕ್ತಿ ಸುಮಾರು ಹತ್ತು ಸೆಕೆಂಡ್, ಒಂದು ತುಣುಕಿಗೆ ಎರಡೂವರೆ ಸೆಕೆಂಡಿಗಿಂತ ಹೆಚ್ಚಿಲ್ಲ. ಇಷ್ಟರಲ್ಲಿ ಹೆಚ್ಚು ಹಿಡಿಸಲು ನಿರ್ಮಾಪಕರು ಕಂಡುಕೊಂಡ ಉಪಾಯವೆಂದರೆ, ನಿಮಿಷಕ್ಕೆ ಮೂವತ್ತಮೂರು ಸುತ್ತಿನ ವೇಗದ ರೆಕಾರ್ಡನ್ನು ನಲವತ್ತೈದರಲ್ಲಿ ಓಡಿಸಿ ಯಂತ್ರಕ್ಕೆ ತುಂಬಿ, ಆಮೇಲೆ ಅದರ ಸ್ಥಾಯಿಯನ್ನು ಇಳಿಸಿ ನುಡಿಸುವುದು. ಹೀಗೆ ಇಳಿಸಿದಾಗ ನಾದದ ಅಂಚು ಒರಟಾಗಿ, ಡ್ರಮ್ಮಿಗೆ ಒಂದು ಬಗೆಯ ದೂಳಿನ ಗುಣ ಬರುತ್ತಿತ್ತು. ಯಂತ್ರದ ಸ್ಮೃತಿಯ ಅಭಾವದಿಂದ ಹುಟ್ಟಿದ ಆ ಒರಟುತನವನ್ನೇ ಇಂದಿನ ನಿರ್ಮಾಪಕರು ದುಡ್ಡು ಕೊಟ್ಟು ಸಾಫ್ಟ್‌ವೇರಿನಲ್ಲಿ ಹುಡುಕುತ್ತಾರೆ.

ಪುಸ್ತಕದಲ್ಲಿ ನನ್ನನ್ನು ಅತ್ಯಂತ ಹೆಚ್ಚು ಹೊತ್ತು ಹಿಡಿದಿಟ್ಟದ್ದು ‘ಡಿ ಲಾ ಸೋಲ್’ ತಂಡದ 1989ರ ‘ತ್ರೀ ಫೀಟ್ ಹೈ ಅಂಡ್ ರೈಸಿಂಗ್’. ಅದರಲ್ಲಿ ‘ಟ್ರಾನ್ಸ್‌ಮಿಟಿಂಗ್ ಲೈವ್ ಫ್ರಮ್ ಮಾರ್ಸ್’ ಎಂಬ ಒಂದು ನಿಮಿಷ ಚಿಲ್ಲರೆಯ ತುಣುಕಿದೆ. ಅದು ಪೂರ್ತಿ ಹಾಡು ಕೂಡ ಅಲ್ಲ. ಫ್ರೆಂಚ್ ಕಲಿಸುವ ರೆಕಾರ್ಡಿನ ದನಿಯನ್ನು 1960ರ ದಶಕದ ‘ದ ಟರ್ಟಲ್ಸ್’ ತಂಡದ ಹಾಡೊಂದರ ನಿಧಾನಗೊಳಿಸಿದ ತುಣುಕಿನ ಮೇಲೆ ಇಟ್ಟ, ಎರಡು ದೊಡ್ಡ ಹಾಡುಗಳ ನಡುವೆ ಬಂದುಹೋಗುವ ವಿನೋದ. ಆ ತುಣುಕಿಗೆ ಅನುಮತಿ ಪಡೆದಿರಲಿಲ್ಲ. ಟರ್ಟಲ್ಸ್ ಸದಸ್ಯರು ದಾವೆ ಹೂಡಿದರು, ಕಡೆಗೆ ನ್ಯಾಯಾಲಯದ ಹೊರಗೆ ರಾಜಿಯಾಯಿತು. 1991ರ ಡಿಸೆಂಬರಿನಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ, ಗಾಯಕ ಗಿಲ್ಬರ್ಟ್ ಓ’ಸಲಿವನ್ ಅವರ ಹಾಡಿನ ಬಳಕೆಗಾಗಿ, ಇನ್ನೊಂದು ತೀರ್ಪು ಬಂತು. ಬಿಜ್ ಮಾರ್ಕಿಯ ಆ ಆಲ್ಬಮ್ ಮಾರಾಟವನ್ನು ನಿಲ್ಲಿಸಬೇಕಾಯಿತು. ಎರಡೂ ಪ್ರಕರಣಗಳ ಕೇಂದ್ರದಲ್ಲಿದ್ದವು ಹೆಚ್ಚಿನ ಕೇಳುಗರು ಹೆಸರು ಹೇಳಲಾರದ ಹಾಡುಗಳು. ಆದರೆ ಅವುಗಳ ನಂತರ ಪ್ರತಿಯೊಂದು ಚೂರಿಗೂ ಅನುಮತಿ, ಪ್ರತಿ ಅನುಮತಿಗೂ ಹಣ ಎಂಬ ವ್ಯವಸ್ಥೆ ಬಿಗಿಯಾಯಿತು, ಮತ್ತು ಒಂದು ಹಾಡಿನಲ್ಲಿ ಹತ್ತಾರು ರೆಕಾರ್ಡುಗಳನ್ನು ಸೇರಿಸುವ ಶೈಲಿ ದುಬಾರಿಯಾಗಿ ಹಿಂದೆ ಸರಿಯಿತು. ಹಳೆಯ ಒಪ್ಪಂದಗಳ ಗೋಜಲಿನಿಂದಾಗಿ ಡಿ ಲಾ ಸೋಲ್ ತಂಡದ ಆರಂಭದ ಆಲ್ಬಮ್‌ಗಳು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಬಂದದ್ದು 2023ರ ಮಾರ್ಚ್ 3ರಂದು. ಅದಕ್ಕೆ ಸುಮಾರು ಮೂರು ವಾರ ಮೊದಲು, ಫೆಬ್ರುವರಿ 12ರಂದು, ತಂಡದ ಟ್ರೂಗಾಯ್ ಅಂದರೆ ಡೇವಿಡ್ ಜೋಲಿಕೋರ್ ತೀರಿಕೊಂಡಿದ್ದರು. ತಮ್ಮ ಸಂಗೀತ ಹೊಸ ಕೇಳುಗರಿಗೆ ಸಿಗಲೆಂದು ವರ್ಷಗಟ್ಟಲೆ ಹೆಣಗಿದವರು ಆ ದಿನ ಇರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ರ‍್ಯಾಪ್ ಹಾಡುಗಾರ್ತಿ ಎಂಸಿ ಲೈಟ್ ಅವರ 1988ರ ‘ಲೈಟ್ ಆಸ್ ಎ ರಾಕ್’ ಅಧ್ಯಾಯವನ್ನು ನಾನು ತೀರ್ಥಹಳ್ಳಿಯಲ್ಲಿ ಅಣ್ಣನ ಮಗನ ಜೊತೆ ಓದಿದೆ. ಅವನು ಪದವಿ ಓದುತ್ತಿದ್ದಾನೆ, ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಾನೆ. ಸ್ಯಾಮ್ ಎಂಬ ಹುಡುಗನನ್ನು ಪ್ರೀತಿಸಿ, ಅವನಿಗೆ ಬೇರೊಬ್ಬಳಿದ್ದಾಳೆಂದು ಶಂಕಿಸುವ ಹುಡುಗಿಯ ಕಥೆಯೊಂದು ಆ ಆಲ್ಬಮ್ಮಿನಲ್ಲಿದೆ. ಆ ಬೇರೊಬ್ಬಳು ಕ್ರ್ಯಾಕ್ ಎಂಬ ಮಾದಕ ವಸ್ತು ಎಂಬುದು ಕಡೆಯಲ್ಲಿ ಗೊತ್ತಾಗುತ್ತದೆ. ಲೈಟ್ ಅದನ್ನು ಬರೆದಾಗ ಇನ್ನೂ ಹನ್ನೆರಡರ ಆಸುಪಾಸಿನ ಬಾಲಕಿ. ಹಾಡು ಮುಗಿದಾಗ ಅವನು, “ಚಿಕ್ಕಪ್ಪ, ನಾನು ಇದು ಜಗಳದ ಹಾಡು ಅಂದ್ಕೊಂಡು ಎಷ್ಟು ಸಲ ಕೇಳಿದೀನಿ,” ಎಂದು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ. ನಮ್ಮ ಜಿಲ್ಲೆಯ ಕಾಲೇಜು ಸಮಾರಂಭಗಳಲ್ಲಿ ಈಗ ಕನ್ನಡ ರ‍್ಯಾಪ್ ಕೇಳಿಬರುತ್ತದೆ, ಆದರೆ ಹೆಚ್ಚಿನವರು ಅನುಕರಿಸುವುದು ವೇಗವನ್ನು. ಕಥೆಯನ್ನು ಕೊನೆಯ ಸಾಲಿನವರೆಗೆ ಹಿಡಿದಿಡುವ ಇಂಥ ಕಸುಬನ್ನು ಕಲಿಯಲು ಈ ಅಧ್ಯಾಯ ಒಳ್ಳೆಯ ಪಾಠ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಕಲಾವಿದರು ಹೇಳಿದ್ದನ್ನು ಲೇಖಕರು ಬಹುತೇಕ ಹಾಗೆಯೇ ನಂಬಿ ಇಡುತ್ತಾರೆ. ಹದಿನೈದು, ಇಪ್ಪತ್ತು ವರ್ಷಗಳ ಹಿಂದಿನ ನೆನಪುಗಳು ಪರಸ್ಪರ ಹೊಂದದಿರುವಾಗ ಪಕ್ಕದಲ್ಲಿ ಒಂದು ಟಿಪ್ಪಣಿ ಇರಬೇಕಿತ್ತು. ಆಯ್ಕೆ 1980ರ ದಶಕದ ಉತ್ತರಾರ್ಧ ಮತ್ತು 90ರ ದಶಕದ ಪೂರ್ವಾರ್ಧಕ್ಕೆ, ಅದರಲ್ಲೂ ನ್ಯೂಯಾರ್ಕಿಗೆ ಅತಿಯಾಗಿ ವಾಲಿದೆ. ಹೆಣ್ಣುಮಕ್ಕಳ ದನಿ ತೀರಾ ವಿರಳ, ಮತ್ತು ಇದನ್ನು ನಾನು ಪುಸ್ತಕದ ದೊಡ್ಡ ದೋಷವೆಂದೇ ಎಣಿಸುತ್ತೇನೆ. ರನ್ ಡಿಎಂಸಿ ತಂಡದ ಜಾಮ್ ಮಾಸ್ಟರ್ ಜೇ 2002ರಲ್ಲೇ ಕೊಲೆಯಾಗಿದ್ದರಿಂದ ‘ರೈಸಿಂಗ್ ಹೆಲ್’ ಅಧ್ಯಾಯದಲ್ಲಿ ಡಿಜೆಯ ಮಾತು ಇಲ್ಲದ ನೋವು ಉಳಿಯುತ್ತದೆ, ಅದಕ್ಕೆ ಯಾರನ್ನೂ ದೂರಲಾಗದು. ಮನೆಯಲ್ಲಿ ಮಕ್ಕಳಿರುವವರು ‘ಟೂ ಲೈವ್ ಕ್ರೂ’ ಅಧ್ಯಾಯದ ಬಗ್ಗೆ ಎಚ್ಚರವಾಗಿರುವುದು ಒಳ್ಳೆಯದು. 1990ರಲ್ಲಿ ಫ್ಲಾರಿಡಾದ ಫೆಡರಲ್ ನ್ಯಾಯಾಧೀಶರೊಬ್ಬರು ಅಶ್ಲೀಲವೆಂದು ಘೋಷಿಸಿ, 1992ರಲ್ಲಿ ಮೇಲ್ಮನವಿಯಲ್ಲಿ ಆ ಆದೇಶ ಬಿದ್ದುಹೋದ ಆಲ್ಬಮ್ ಅದು. ಬೀದಿಯ ಇಂಗ್ಲಿಷ್ ಕೂಡ ಕೆಲವೆಡೆ ಓದನ್ನು ನಿಧಾನಗೊಳಿಸುತ್ತದೆ.

ಮಲೆನಾಡಿನಲ್ಲಿ ಇದನ್ನು ಓದುವವರಿಗೆ ಒಂದು ಪ್ರಾಯೋಗಿಕ ಮಾತು. ಹಾಡು ಕಿವಿಯ ಹತ್ತಿರ ಇಲ್ಲದಿದ್ದರೆ ಈ ಪುಟಗಳು ಅರ್ಧ ಮಾತ್ರ ತೆರೆದುಕೊಳ್ಳುತ್ತವೆ. ಆಗುಂಬೆ, ಹೊಸನಗರದ ಕಡೆ ಮಳೆ ಹಿಡಿದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದುಂಟು. ಆದ್ದರಿಂದ ಓದಲಿರುವ ಅಧ್ಯಾಯದ ಆಲ್ಬಮ್ಮನ್ನು ಶಿವಮೊಗ್ಗದಲ್ಲಿರುವಾಗಲೇ ಫೋನಿಗೆ ಇಳಿಸಿಕೊಂಡು ಹೋಗುವುದು ಲೇಸು. ದಪ್ಪ ಪೇಪರ್‌ಬ್ಯಾಕ್ ಆದ್ದರಿಂದ ಆಷಾಢದ ತೇವಕ್ಕೆ ಹಾಳೆಗಳು ಅಲೆಯಲೆಯಾಗಿ ಉಬ್ಬುತ್ತವೆ. ನನ್ನ ಪ್ರತಿಯನ್ನು ಅಡಿಕೆ ಒಣಗಿಸುವ ಅಟ್ಟದ ಪಕ್ಕದ ಬೆಚ್ಚಗಿನ ಕಪಾಟಿನಲ್ಲಿ ಇಟ್ಟ ಮೇಲೆ ಸರಿಯಾಗಿದೆ.

2014ರಲ್ಲಿ ಇದರ ಎರಡನೆಯ ಸಂಪುಟ ಬಂತು. ಅದರಲ್ಲಿ 25 ಆಲ್ಬಮ್‌ಗಳಿವೆ, ಚಿತ್ರಗಳೂ ಹೆಚ್ಚು. ಎರಡರಲ್ಲಿ ಒಂದನ್ನೇ ಕೊಳ್ಳುವವರು ಮೊದಲನೆಯದನ್ನೇ ಆರಿಸಿಕೊಳ್ಳಲಿ. ಮೊದಲ ಪುಟದಿಂದ ಕ್ರಮವಾಗಿ ಓದುವ ಅಗತ್ಯವಿಲ್ಲ. ತಮಗೆ ಚೆನ್ನಾಗಿ ಗೊತ್ತಿರುವ ಆಲ್ಬಮ್ಮಿನ ಅಧ್ಯಾಯವನ್ನು ತೆರೆದು, ಹೆಸರಾದ ಹಾಡನ್ನು ಬದಿಗಿಟ್ಟು, ತಾವು ಸದಾ ದಾಟಿಹೋಗುವ ಹಾಡಿನ ಕೆಳಗೆ ಏನಿದೆ ಎಂದು ಮೊದಲು ನೋಡಲಿ.