ಕಾರು ಡಿಕ್ಕಿಯಾದ ಮೇಲೆ: ಕ್ಯಾಶ್‌ಲೆಸ್ಸೋ ಬಿಲ್ಲೋ, ರಾಜಿಯೋ ಟ್ರಿಬ್ಯುನಲ್ಲೋ

ಕುಷ್ಟಗಿ ಹೆದ್ದಾರಿಯಲ್ಲಿ ಲಾರಿ ಹಿಂದಿನಿಂದ ಗುದ್ದಲಿ, ಸಿಂಧನೂರು ದಾರಿಯಲ್ಲಿ ಭತ್ತದ ಟ್ರ್ಯಾಕ್ಟರ್ ಅಡ್ಡ ಬರಲಿ, ಅಪಘಾತವಾದ ಕೂಡಲೇ ಎರಡು ಲೆಕ್ಕ ಶುರುವಾಗುತ್ತವೆ. ಒಂದು ಗಾಡಿಯದು, ಇನ್ನೊಂದು ಮೈಗಾದ ಗಾಯದ್ದು ಅಥವಾ ಹೋದ ಜೀವದ್ದು. ಮೊದಲನೆಯದು ಸಾಮಾನ್ಯವಾಗಿ ನಿಮ್ಮ ವಿಮಾ ಕಂಪನಿಯಿಂದ ಬರಬೇಕು, ಎರಡನೆಯದು ಗುದ್ದಿದ ಗಾಡಿಯ ವಿಮಾ ಕಂಪನಿಯಿಂದ. ಇರುವ ದಾರಿಗಳನ್ನು ಹಿಡಿದು ನೋಡಿದ ಮೇಲೆ ನಾವು ಹೇಳುವುದಿಷ್ಟು: ಗಾಡಿಯ ವಿಷಯದಲ್ಲಿ ಬೇಗ ಮುಗಿಯುವ ದಾರಿ ಒಳ್ಳೆಯದು. ಮೈಯ ವಿಷಯದಲ್ಲಿ ಬೇಗ ಮುಗಿಯುವ ದಾರಿಯಲ್ಲೇ ಮೋಸ ಹೋಗುವುದು ಹೆಚ್ಚು.

ಗಾಡಿ: ಕ್ಯಾಶ್‌ಲೆಸ್ ಎದುರು ಬಿಲ್ ಕೊಟ್ಟು ವಸೂಲಿ

ಕ್ಯಾಶ್‌ಲೆಸ್, ಅಂದರೆ ಕಂಪನಿಯೇ ಗ್ಯಾರೇಜಿಗೆ ನೇರವಾಗಿ ಹಣ ಕಟ್ಟುವುದು, ಸಿಗುವುದು ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜಿನಲ್ಲಿ ಮಾತ್ರ. ಬಳ್ಳಾರಿ, ರಾಯಚೂರಿನಲ್ಲಿ ಇದ್ದವರಿಗೆ ಅದು ಸಲೀಸು. ಮಾನ್ವಿ, ಯಲಬುರ್ಗಾ ಕಡೆಯವರು ಟೋಯಿಂಗ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಪಾಲಿಸಿಯಲ್ಲಿ ರಸ್ತೆ ನೆರವಿನ ಆ್ಯಡ್‌ಆನ್ ಇದೆಯೋ, ಎಷ್ಟು ಕಿಲೋಮೀಟರಿನವರೆಗೆ ಇದೆಯೋ ಮೊದಲೇ ನೋಡಿಕೊಳ್ಳಿ.

ಪರಿಚಯದ ಮೆಕ್ಯಾನಿಕ್ ಹತ್ತಿರ ಮಾಡಿಸಿ ಬಿಲ್ ಕೊಟ್ಟರೂ ಹಣ ಬರುತ್ತದೆ. ಆದರೆ ಅಲ್ಲಿ ಮೂರು ಕಡೆ ಕೆಡುತ್ತದೆ. ಹಾನಿ ಅಂದಾಜು ಮಾಡಲು ಬರುವ ಸರ್ವೆಯರ್ ನೋಡುವ ಮುಂಚೆ ಬಂಪರ್ ಬಿಚ್ಚಿಬಿಡುತ್ತಾರೆ. ತೆಗೆದ ಹಳೆಯ ಭಾಗವನ್ನು ಗುಜರಿಗೆ ಹಾಕುತ್ತಾರೆ, ಮರುಪರಿಶೀಲನೆಗೆ ಬಂದಾಗ ತೋರಿಸಲು ಏನೂ ಇರುವುದಿಲ್ಲ. ಕೊನೆಗೆ ಜಿಎಸ್‌ಟಿ ಬಿಲ್ ಬದಲು ಚೀಟಿ ಕೊಡುತ್ತಾರೆ. ಬಿಚ್ಚಿದ ಮೇಲೆ ಒಳಗಿನ ಹಾನಿ ಕಂಡರೆ ಕೆಲಸ ನಿಲ್ಲಿಸಿ, ಸರ್ವೆಯರನ್ನು ಮತ್ತೆ ಕರೆಸಿ.

ಎರಡೂ ದಾರಿಯಲ್ಲಿ ಒಂದು ಎಚ್ಚರಿಕೆ: ರೇಡಿಯೇಟರ್ ಒಡೆದಿದ್ದರೆ ಎಂಜಿನ್ ಚಾಲೂ ಮಾಡಲೇಬೇಡಿ. ಬಿಸಿಯಾಗಿ ಎಂಜಿನ್ ಸೀಜ್ ಆದರೆ ಅದು ಡಿಕ್ಕಿಯ ಹಾನಿಯಲ್ಲ, ಆಮೇಲೆ ಓಡಿಸಿದ್ದರಿಂದ ಆದದ್ದು ಎಂದು ಕಂಪನಿ ಕೈ ತೊಳೆದುಕೊಳ್ಳುತ್ತದೆ.

ಕ್ಯಾಶ್‌ಲೆಸ್ ಅಂದರೆ ಪುಕ್ಕಟೆಯಲ್ಲ. ಜೀರೋ ಡೆಪ್ (ಸವಕಳಿ ಕಳೆಯದಿರುವ ಆ್ಯಡ್‌ಆನ್) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಶೇ 50 ಸವಕಳಿ ಕಳೆಯುತ್ತಾರೆ. ಗಾಜಿಗೆ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸು ನೋಡುತ್ತಾರೆ, 3ರಿಂದ 4 ವರ್ಷದ ಗಾಡಿಗೆ ಶೇ 25. ಮೂರೂವರೆ ವರ್ಷದ 1,200 ಸಿಸಿ ಕಾರಿಗೆ ಬಂಪರ್ 8,000, ಬಾನೆಟ್ 12,000, ಮುಂದಿನ ಗಾಜು 9,000, ಪೇಂಟಿಂಗ್ 10,000, ಕೂಲಿ 6,000, ಒಟ್ಟು 45,000 ರೂಪಾಯಿ ಆಯಿತೆನ್ನಿ. ಬಂಪರಿನಲ್ಲಿ 4,000, ಬಾನೆಟಿನಲ್ಲಿ 3,000 ಹೋಗುತ್ತದೆ. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ, ಅಂದರೆ 1,250 ಕಳೆಯುತ್ತಾರೆ. ಕಡ್ಡಾಯ ಕಡಿತ 1,000 (1,500 ಸಿಸಿ ಮೀರಿದ ಕಾರಿಗೆ 2,000). ನಿಮ್ಮ ಕೈಯಿಂದ 9,250, ಕಂಪನಿಯಿಂದ 35,750. ಗ್ಯಾರೇಜಿನ ಎಸ್ಟಿಮೇಟ್ ಬಂದ ದಿನವೇ ಈ ಲೆಕ್ಕ ಹಾಕಿಟ್ಟುಕೊಂಡರೆ ಗಾಡಿ ಬಿಡಿಸಿಕೊಳ್ಳುವಾಗ ವಾದಕ್ಕೆ ಜಾಗವಿರುವುದಿಲ್ಲ.

ಬರೀ ಬಂಪರ್ ಹೋಗಿದ್ದರೆ ಕ್ಲೇಮು ಮಾಡಬೇಡಿ. 6,000ದ ಬಂಪರಿಗೆ ಕೈಗೆ ಬರುವುದು 2,000. ಶೇ 50 ನೋ ಕ್ಲೇಮ್ ಬೋನಸ್ (ಕ್ಲೇಮು ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇದ್ದವರು ಅದನ್ನು ಕಳೆದುಕೊಂಡು ಮತ್ತೆ ಶೇ 20ರಿಂದ ಏರಬೇಕು.

ಕಂಪನಿ ಕೊಡದಿದ್ದರೆ: ಓಂಬುಡ್ಸ್‌ಮನ್ ಎದುರು ಗ್ರಾಹಕರ ಆಯೋಗ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ. ತಿರಸ್ಕರಿಸಿದರೆ, ಅಥವಾ ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರು ತೀರಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಆದೇಶಕ್ಕೆ ಕಂಪನಿ ಬದ್ಧ. ಸವಕಳಿ ಹೆಚ್ಚು ಕಳೆದರು, ಸರ್ವೆಯರ್ ಒಪ್ಪಿದ್ದನ್ನೂ ಕೊಡಲಿಲ್ಲ ಎಂಬಂಥ ಕಾಗದದ ಮೇಲೇ ತೀರುವ ತಕರಾರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಚಾಲಕ ಯಾರು, ಕುಡಿದಿದ್ದರೇ ಎಂಬಂಥ ಸಾಕ್ಷಿಯ ಪ್ರಶ್ನೆ ಬಂದರೆ ಜಿಲ್ಲಾ ಗ್ರಾಹಕರ ಆಯೋಗವೇ ಸರಿ. ಮಾನಸಿಕ ಹಿಂಸೆಗೆ ಪರಿಹಾರ, ದಾವೆಯ ಖರ್ಚು ಕೊಡುವ ಅಧಿಕಾರವೂ ಅದಕ್ಕಿದೆ. ಗಡುವು 2 ವರ್ಷ. ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾರಿನ ಪಾಲಿಸಿಗಳೆಲ್ಲ ಇದರಲ್ಲೇ ಬರುತ್ತವೆ. ಆದರೆ ಮುಂದೂಡಿಕೆಗಳಿಗೆ ಸಿದ್ಧರಿರಬೇಕು.

ಮೈ ಮತ್ತು ಜೀವ: ರಾಜಿ ಎದುರು ಟ್ರಿಬ್ಯುನಲ್

ಗುದ್ದಿದ ಗಾಡಿಯ ಕಂಪನಿ ಮುಂದೆ ಇಡುವ ರಾಜಿಯಲ್ಲಿ ಮೋಟಾರು ವಾಹನ ಕಾಯ್ದೆಯ ಕಲಂ 164ರ ಹಣ ಇರಬಹುದು: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಯಾರ ತಪ್ಪು ಎಂದು ಸಾಬೀತು ಮಾಡಬೇಕಿಲ್ಲ. ದುಃಖದಲ್ಲಿರುವ ಮನೆಯವರಿಗೆ ಅದೇ ದೊಡ್ಡದಾಗಿ ಕಾಣುತ್ತದೆ. ಆದರೆ ಅದನ್ನು ಒಪ್ಪಿಕೊಂಡರೆ ಟ್ರಿಬ್ಯುನಲ್ಲಿಗೆ (ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ) ಹಾಕುವ ಕಲಂ 166ರ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ದಯವಿಟ್ಟು ಸಹಿ ಹಾಕುವ ಮುಂಚೆ ಈ ಲೆಕ್ಕ ನೋಡಿ.

ತಿಂಗಳಿಗೆ 15,000 ದುಡಿಯುತ್ತಿದ್ದ, ನಾಲ್ವರು ಅವಲಂಬಿತರಿದ್ದ 32 ವರ್ಷದ ಮೇಸ್ತ್ರಿ ತೀರಿಕೊಂಡರೆ ಟ್ರಿಬ್ಯುನಲ್ ಸುಪ್ರೀಂ ಕೋರ್ಟಿನ 2009 ಮತ್ತು 2017ರ ತೀರ್ಪುಗಳ ಸೂತ್ರ ಹಿಡಿಯುತ್ತದೆ. ಸ್ವಂತ ದುಡಿಮೆಯವರಾದ್ದರಿಂದ ಮುಂದಿನ ಗಳಿಕೆಗೆಂದು ಶೇ 40 ಸೇರಿಸಿದರೆ 21,000. ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಇದನ್ನು ಗುಣಿಸಬೇಕಾದ ಸಂಖ್ಯೆ, ಅಂದರೆ ಗುಣಕ, 16. ಒಟ್ಟು 30,24,000. ಅಂತ್ಯಕ್ರಿಯೆ ಮುಂತಾದ ಬಾಬತ್ತುಗಳು ಬೇರೆ. ತಪ್ಪು ಸ್ಪಷ್ಟವಾಗಿ ಎದುರಿನವರದಾಗಿದ್ದರೆ 5 ಲಕ್ಷಕ್ಕೆ ಇದನ್ನು ಬಿಟ್ಟುಕೊಡುವುದು ಮಕ್ಕಳ ಅನ್ನ ಬಿಟ್ಟುಕೊಟ್ಟಂತೆ.

ಸತ್ತವರದೇ ತಪ್ಪು, ಎದುರಿನವರ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಎಂದಾದರೆ ಮಾತ್ರ 164 ಒಳ್ಳೆಯ ಆಸರೆ. ಗುದ್ದಿ ಓಡಿಹೋದ ಗಾಡಿ ಸಿಗದೇ ಹೋದರೆ ದಾರಿಯೇ ಬೇರೆ: ಕಲಂ 161ರಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000.

ಟ್ರಿಬ್ಯುನಲ್ಲಿಗೆ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಹಾಕಿಬಿಡಿ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಅದನ್ನು ನಂಬಿ ಕೂರಬೇಡಿ. ಎಲ್ಲಿ ಹಾಕಬೇಕು ಎಂಬುದರಲ್ಲಿ ಕಾನೂನು ನಮ್ಮ ಗಡಿ ಜನರ ಪರವಾಗಿದೆ. ಆದೋನಿ ಹತ್ತಿರ ಅಪಘಾತವಾದರೂ ರಾಯಚೂರಿನವರು ರಾಯಚೂರಿನಲ್ಲೇ ಹಾಕಬಹುದು, ವಾಸದ ಪುರಾವೆ ಸಾಕು. ಆಂಧ್ರದ ಠಾಣೆಯ ಕಾಗದಗಳನ್ನು ಕನ್ನಡಕ್ಕೋ ಇಂಗ್ಲಿಷಿಗೋ ಮಾಡಿಸುವ ಖರ್ಚು ಮಾತ್ರ ಹೆಚ್ಚು.

ಕೇಸು ನಿಲ್ಲುವುದೂ ಬೀಳುವುದೂ ಕಾಗದದ ಮೇಲೆ: ಎಫ್‌ಐಆರ್, ಸ್ಥಳ ಪಂಚನಾಮೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟು. ಹೆಚ್ಚು ಕೆಡುವುದು ಆಸ್ಪತ್ರೆಯಲ್ಲಿ. ಪೊಲೀಸರ ಗೊಡವೆ ಬೇಡವೆಂದು "ಬಿದ್ದೆ" ಎಂದು ಬರೆಸಿದ ಒಂದು ಪದ ಕೊನೆಯವರೆಗೂ ಕಾಡುತ್ತದೆ. ಗುದ್ದಿದ ಗಾಡಿಯ ವಿಷಯ ಮೊದಲ ಚೀಟಿಯಲ್ಲೇ ಬರಲಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ಆಸ್ಪತ್ರೆಯ ದಾಖಲೆ) ಆಗಲಿ. ಕೂಲಿ, ಮೇಸ್ತ್ರಿ ಕೆಲಸದವರ ಆದಾಯಕ್ಕೆ ಬ್ಯಾಂಕ್ ಪಾಸ್‌ಬುಕ್, ಗುತ್ತಿಗೆದಾರರ ಸಾಕ್ಷಿ ಬೇಕು. ಇಲ್ಲದಿದ್ದರೆ ಕೋರ್ಟು ತಾನೇ ಒಂದು ಅಂದಾಜು ಹಿಡಿಯುತ್ತದೆ.

ಲೋಕ ಅದಾಲತ್ ರಾಜಿ, ಟ್ರಿಬ್ಯುನಲ್ ಇವೆರಡರ ನಡುವಿನದು. ಅಲ್ಲಿ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಕಂಪನಿ ಮೇಲ್ಮನವಿಗೆ ಹೋಗುವಂತಿಲ್ಲ. ಟ್ರಿಬ್ಯುನಲ್ ಆದೇಶವಾದರೆ ಬಳ್ಳಾರಿ, ಕೊಪ್ಪಳದವರನ್ನು ಹೈಕೋರ್ಟಿನ ಧಾರವಾಡ ಪೀಠಕ್ಕೂ ರಾಯಚೂರಿನವರನ್ನು ಕಲಬುರಗಿ ಪೀಠಕ್ಕೂ ಎಳೆಯಬಹುದು. ಲೆಕ್ಕ ಹಾಕಿದ ಮೊತ್ತದ ಮುಕ್ಕಾಲು ಭಾಗ ಮೀರಿ ಕೊಡಲು ಒಪ್ಪಿದರೆ ರಾಜಿಯಾಗಿ ಎನ್ನುತ್ತೇವೆ. ಆದರೆ ಚಾರ್ಜ್‌ಶೀಟು, ಅಂಗವೈಕಲ್ಯದ ಪ್ರಮಾಣಪತ್ರ ಕೈಗೆ ಬರುವ ಮುಂಚೆ ಅಲ್ಲಿ ಕೂರಬೇಡಿ. ಎಷ್ಟು ಬಿಡುತ್ತಿದ್ದೀರಿ ಎಂದೇ ಗೊತ್ತಾಗುವುದಿಲ್ಲ.

ವಕೀಲರು

ಬಂದ ಹಣದಲ್ಲಿ ಇಷ್ಟು ಪಾಲು ಎಂದು ಮಾತಾಡುವುದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ. ಆಸ್ಪತ್ರೆ ಬಾಗಿಲಲ್ಲೇ ಖಾಲಿ ವಕಾಲತ್ತಿಗೆ, ಖಾಲಿ ಚೆಕ್ಕಿಗೆ ಸಹಿ ಕೇಳುವವರಿಂದ ದೂರವಿರಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಅಪಘಾತದ ಕೇಸುಗಳನ್ನೇ ನಡೆಸುವ ಖಾಸಗಿ ವಕೀಲರ ಚುರುಕು ಅಲ್ಲಿ ಪ್ರತಿ ಸಲ ಸಿಗಲಿಕ್ಕಿಲ್ಲ. ನೇಮಿಸಿದವರು ಸರಿಯಾಗಿ ನಡೆಸದಿದ್ದರೆ ಬದಲಿಸಿ ಕೊಡಿ ಎಂದು ಪ್ರಾಧಿಕಾರಕ್ಕೆ ಅರ್ಜಿ ಬರೆಯಬಹುದು. ಯಾರನ್ನೇ ಹಿಡಿಯಿರಿ, ಪರಿಹಾರದ ಹಣ ನಿಮ್ಮ ಸ್ವಂತ ಬ್ಯಾಂಕ್ ಖಾತೆಗೇ ಬರಲಿ, ಆ ಖಾತೆಯ ಪಾಸ್‌ಬುಕ್ಕೂ ಚೆಕ್‌ಬುಕ್ಕೂ ನಿಮ್ಮ ಮನೆಯಲ್ಲೇ ಇರಲಿ.